ಕಂಪ್ಯೂಟರ್ ಆನ್ ಆಗುತ್ತದೆ ಸರಿ, ಲೆಕ್ಕ ಸರಿಯಾಗಿದೆಯೇ? ಓವರ್‌ಕ್ಲಾಕಿಂಗ್‌ನ ಮಿತಿ ಎಲ್ಲಿದೆ, ದೋಷ ಹುಡುಕುವುದು ಹೇಗೆ

“ಹೊಸ ಕಂಪ್ಯೂಟರ್ ಕೊಳ್ಳಬೇಡಿ! ಬಯೋಸ್‌ನಲ್ಲಿ ಒಂದು ಸಂಖ್ಯೆ ಬದಲಿಸಿ, ವೇಗ ಡಬಲ್ ಆಗುತ್ತದೆ. ಕಂಪನಿಗಳು ಮುಚ್ಚಿಟ್ಟಿರುವ ಗುಟ್ಟು ಇದು. ಎಲ್ಲರಿಗೂ ಕಳುಹಿಸಿ.” ಈ ಧಾಟಿಯ ಸಂದೇಶಗಳು, ಅರ್ಧ ನಿಮಿಷದ ವಿಡಿಯೋಗಳು ವಾಟ್ಸಾಪ್ ಗುಂಪುಗಳಲ್ಲಿ ಸುತ್ತುತ್ತಲೇ ಇರುತ್ತವೆ.

ಇದರಲ್ಲಿ ಒಂದು ಪಾಲು ನಿಜ. ಪ್ರೊಸೆಸರನ್ನು ಕಂಪನಿ ನಿಗದಿ ಮಾಡಿದ್ದಕ್ಕಿಂತ ಹೆಚ್ಚು ವೇಗದಲ್ಲಿ ಓಡಿಸಲು ಸಾಧ್ಯ. ಅದನ್ನೇ ಓವರ್‌ಕ್ಲಾಕಿಂಗ್ ಎನ್ನುತ್ತಾರೆ. ಅದು ಗುಟ್ಟೇನೂ ಅಲ್ಲ. ಇಂಟೆಲ್‌ನ ಹೆಸರಿನ ಕೊನೆಗೆ ‘ಕೆ’ ಅಕ್ಷರವಿರುವ ಪ್ರೊಸೆಸರ್‌ಗಳು, ಎಎಂಡಿಯ ಬಹುತೇಕ ಡೆಸ್ಕ್‌ಟಾಪ್ ರೈಜೆನ್ ಪ್ರೊಸೆಸರ್‌ಗಳು ಇದಕ್ಕೆ ಅವಕಾಶವಿಟ್ಟುಕೊಂಡೇ ಮಾರಾಟವಾಗುತ್ತವೆ. ಆದರೆ ಡಬಲ್ ವೇಗ ಎಂಬುದು ಸುಳ್ಳು. ಮಿತಿ ಎಲ್ಲಿದೆ, ದಾಟಿದರೆ ಏನಾಗುತ್ತದೆ ಎಂಬುದನ್ನು ಆ ಸಂದೇಶ ಹೇಳುವುದೇ ಇಲ್ಲ. ಮಿತಿ ದಾಟಿದ ಕಂಪ್ಯೂಟರ್ ಯಾವಾಗಲೂ ನಿಂತುಹೋಗುವುದಿಲ್ಲ. ಎಷ್ಟೋ ಸಲ ಓಡುತ್ತಲೇ ಇದ್ದು ತಪ್ಪು ಲೆಕ್ಕ ಹಾಕುತ್ತದೆ. ನಾವು ಈ ಲೇಖನದಲ್ಲಿ ಮುಖ್ಯವಾಗಿ ಹೇಳಹೊರಟಿರುವುದು ಇದನ್ನೇ.

ಪ್ರೊಸೆಸರ್‌ನ ಗಡಿಯಾರ ಎಂದರೇನು?

ಪ್ರೊಸೆಸರ್ ತಾಳಕ್ಕೆ ಸರಿಯಾಗಿ ಕೆಲಸ ಮಾಡುವ ಯಂತ್ರ. 4 ಗಿಗಾಹರ್ಟ್ಸ್ ಎಂದರೆ ಸೆಕೆಂಡಿಗೆ 400 ಕೋಟಿ ತಾಳ. ಒಂದು ತಾಳಕ್ಕೂ ಇನ್ನೊಂದಕ್ಕೂ ನಡುವೆ ಸಿಗುವ ಸಮಯ 0.25 ನ್ಯಾನೋಸೆಕೆಂಡ್. ಅಷ್ಟರಲ್ಲಿ ಬೆಳಕು ಕೂಡ ಸುಮಾರು 7.5 ಸೆಂಟಿಮೀಟರ್ ಮಾತ್ರ ಸಾಗುತ್ತದೆ. 5 ಗಿಗಾಹರ್ಟ್ಸ್‌ಗೆ ಏರಿಸಿದರೆ ಸಿಗುವ ಸಮಯ 0.2 ನ್ಯಾನೋಸೆಕೆಂಡ್‌ಗೆ ಇಳಿಯುತ್ತದೆ.

ಮನೆಗೆ ಮೋಲ್ಡ್ ಹಾಕುವ ದಿನವನ್ನು ನೆನಪಿಸಿಕೊಳ್ಳಿ. ಕೆಳಗಿನಿಂದ ಮಹಡಿಯವರೆಗೆ ಸಾಲಾಗಿ ನಿಂತವರು ಕಾಂಕ್ರೀಟ್ ತುಂಬಿದ ಬಾಂಡ್ಲಿಯನ್ನು ಕೈಯಿಂದ ಕೈಗೆ ದಾಟಿಸುತ್ತಾರೆ. ಮೇಸ್ತ್ರಿ ಸೀಟಿ ಊದಿದಾಗಲೆಲ್ಲ ಎಲ್ಲರೂ ಒಟ್ಟಿಗೆ ದಾಟಿಸಬೇಕು ಎಂದಿಟ್ಟುಕೊಳ್ಳಿ. ಆಗ ಸೀಟಿಯ ವೇಗವನ್ನು ನಿರ್ಧರಿಸುವುದು ಸಾಲಿನಲ್ಲಿರುವ ಅತ್ಯಂತ ನಿಧಾನದ ಕೈ. ಉಳಿದ 29 ಜನ ಎಷ್ಟೇ ಚುರುಕಾಗಿದ್ದರೂ ಆ ಒಬ್ಬರು ಕೈ ಚಾಚುವ ಮೊದಲೇ ಸೀಟಿ ಬಿದ್ದರೆ ಬಾಂಡ್ಲಿ ತಪ್ಪುತ್ತದೆ.

ಪ್ರೊಸೆಸರ್‌ನೊಳಗೂ ಹೀಗೆಯೇ. ವಿದ್ಯುತ್ ಸಂಕೇತ ಸಾಗಬೇಕಾದ ಸಾವಿರಾರು ದಾರಿಗಳಲ್ಲಿ ಒಂದು ಎಲ್ಲಕ್ಕಿಂತ ನಿಧಾನವಾಗಿರುತ್ತದೆ. ಅಲ್ಲಿ ಸಂಕೇತ ತಲುಪುವ ಮೊದಲೇ ಮುಂದಿನ ತಾಳ ಬಿದ್ದರೆ ಹೊಸ ಉತ್ತರದ ಬದಲು ಹಳೆಯ ಉತ್ತರವೇ ಮುಂದಕ್ಕೆ ಹೋಗುತ್ತದೆ. 0 ಇರಬೇಕಾದಲ್ಲಿ 1. ಬಾಂಡ್ಲಿ ಬಿದ್ದರೆ ಸದ್ದಾಗುತ್ತದೆ, ಇಲ್ಲಿ ಸದ್ದೂ ಆಗುವುದಿಲ್ಲ.

ಬೇಸಿಗೆಯ ಸೆಕೆ, ಕಳಪೆ ವಿದ್ಯುತ್ ಪೂರೈಕೆ, ವರ್ಷಗಳ ಸವಕಳಿ ಎಲ್ಲವನ್ನೂ ಲೆಕ್ಕಕ್ಕೆ ತೆಗೆದುಕೊಂಡು ಕಂಪನಿಗಳು ಒಂದಿಷ್ಟು ಹೆಚ್ಚುವರಿ ಸಮಯವನ್ನು ಕಾಯ್ದಿಟ್ಟಿರುತ್ತವೆ. ಓವರ್‌ಕ್ಲಾಕಿಂಗ್ ಎಂದರೆ ಆ ಉಳಿತಾಯವನ್ನು ಖರ್ಚು ಮಾಡುವುದು. ಎಷ್ಟು ಉಳಿತಾಯವಿದೆ ಎಂಬುದು ಚಿಪ್‌ನಿಂದ ಚಿಪ್‌ಗೆ ಬೇರೆ. ಒಂದೇ ಗೊನೆಯ ಬಾಳೆಹಣ್ಣುಗಳು ಒಂದೇ ದಿನ ಹಣ್ಣಾಗುವುದಿಲ್ಲ, ಒಂದೇ ಮಾಡೆಲ್‌ನ ಎರಡು ಪ್ರೊಸೆಸರ್‌ಗಳೂ ಒಂದೇ ಸಮ ಇರುವುದಿಲ್ಲ. ಹಾಗಾಗಿ ಯೂಟ್ಯೂಬ್‌ನಲ್ಲಿ ಯಾರದೋ ಸೆಟ್ಟಿಂಗ್ ನೋಡಿ ನಕಲು ಮಾಡಿದರೆ ನಿಮ್ಮಲ್ಲಿ ಅದು ನಡೆಯುತ್ತದೆ ಎಂಬ ಖಾತರಿ ಇಲ್ಲ.

ವೋಲ್ಟೇಜ್ ಏರಿಸಿದರೆ ಆಯಿತಲ್ಲವೇ?

ವೋಲ್ಟೇಜ್ ಏರಿಸಿದರೆ ಟ್ರಾನ್ಸಿಸ್ಟರ್‌ಗಳು ಬೇಗ ಕೆಲಸ ಮಾಡುತ್ತವೆ, ನಿಜ. ಆದರೆ ಅದರ ಬೆಲೆ ಜಾಸ್ತಿ. ಚಿಪ್ ಕೆಲಸ ಮಾಡುವಾಗ ತಿನ್ನುವ ವಿದ್ಯುತ್ತು ವೇಗಕ್ಕೆ ತಕ್ಕಂತೆ ಏರುತ್ತದೆ, ವೋಲ್ಟೇಜ್‌ನ ವರ್ಗಕ್ಕೆ ತಕ್ಕಂತೆಯೂ ಏರುತ್ತದೆ. ವೇಗ ಶೇ. 10, ವೋಲ್ಟೇಜ್ ಶೇ. 10 ಹೆಚ್ಚಿಸಿದರೆ 1.1 ಅನ್ನು ಮೂರು ಸಲ ಗುಣಿಸಬೇಕು. ಉತ್ತರ 1.33. ಅಂದರೆ ಶೇ. 10ರಷ್ಟು ವೇಗಕ್ಕೆ ಶೇ. 33ರಷ್ಟು ಹೆಚ್ಚು ವಿದ್ಯುತ್ತು. ಅಷ್ಟೂ ಬಿಸಿಯಾಗಿಯೇ ಹೊರಬರುತ್ತದೆ. ಬಿಸಿ ಹೆಚ್ಚಾದಂತೆ ಚಿಪ್‌ನ ಸ್ಥಿರತೆ ಕುಗ್ಗುತ್ತದೆ, ಅದಕ್ಕೆ ಮತ್ತೆ ವೋಲ್ಟೇಜ್ ಬೇಕೆನಿಸುತ್ತದೆ. ಈ ಸುತ್ತಿನಲ್ಲಿ ಸಿಕ್ಕಿಕೊಳ್ಳುವವರೇ ಹೆಚ್ಚು.

ಸಿಗುವ ಲಾಭವೂ ಈಗ ಕಡಿಮೆ. 1998ರಲ್ಲಿ ಬಂದ ಇಂಟೆಲ್ ಸೆಲೆರಾನ್ 300ಎ ಪ್ರೊಸೆಸರನ್ನು ಅನೇಕರು 300ರಿಂದ 450 ಮೆಗಾಹರ್ಟ್ಸ್‌ಗೆ ಏರಿಸಿದ್ದರು. ಮದರ್‌ಬೋರ್ಡ್‌ನ ಬಸ್ ವೇಗವನ್ನು 66ರಿಂದ 100 ಮೆಗಾಹರ್ಟ್ಸ್‌ಗೆ ಬದಲಿಸಿದರೆ ಸಾಕಿತ್ತು. ಅದು ಶೇ. 50ರ ಲಾಭ. “ಒಂದು ಸಂಖ್ಯೆ ಬದಲಿಸಿ” ಎಂಬ ಮಾತಿಗೆ ಅರ್ಥವಿದ್ದದ್ದು ಆ ಕಾಲಕ್ಕೆ. 2008ರಲ್ಲಿ ಇಂಟೆಲ್ ಟರ್ಬೋ ಬೂಸ್ಟ್ ತಂದ ಮೇಲೆ ಪ್ರೊಸೆಸರ್‌ಗಳು ಬಿಸಿ ಮತ್ತು ವಿದ್ಯುತ್ತಿನ ಮಿತಿ ನೋಡಿಕೊಂಡು ತಾವಾಗಿಯೇ ವೇಗ ಏರಿಸಿಕೊಳ್ಳುತ್ತಿವೆ. ಉಳಿತಾಯದ ದೊಡ್ಡ ಪಾಲನ್ನು ಕಂಪನಿಯೇ ಖರ್ಚು ಮಾಡಿ ನಿಮ್ಮ ಕೈಗೆ ಕೊಟ್ಟಿರುತ್ತದೆ. 5.2ರಿಂದ 5.4 ಗಿಗಾಹರ್ಟ್ಸ್‌ಗೆ ಏರಿಸಿದಿರಿ ಎನ್ನಿ. ಒಂದು ಗಂಟೆ ಹಿಡಿಯುತ್ತಿದ್ದ ವಿಡಿಯೋ ರೆಂಡರಿಂಗ್‌ನಲ್ಲಿ ಹೆಚ್ಚೆಂದರೆ ಎರಡೂಕಾಲು ನಿಮಿಷ ಉಳಿಯುತ್ತದೆ.

ತಪ್ಪು ಲೆಕ್ಕ ಎಂದರೆ ಎಷ್ಟು ತಪ್ಪು?

ಮೈಕ್ರೋಸಾಫ್ಟ್‌ನ ಎಂಜಿನಿಯರ್ ರೇಮಂಡ್ ಚೆನ್ 2005ರಲ್ಲಿ ಒಂದು ಪ್ರಸಂಗ ಬರೆದಿದ್ದರು. ವಿಂಡೋಸ್ ಬಳಕೆದಾರರಿಂದ ಬಂದ ಕೆಲವು ಕ್ರ್ಯಾಶ್ ವರದಿಗಳು ಎಂಜಿನಿಯರ್‌ಗಳಿಗೆ ಅರ್ಥವೇ ಆಗಲಿಲ್ಲ. ಒಂದು ರಿಜಿಸ್ಟರ್ ಅನ್ನು ಸೊನ್ನೆ ಮಾಡುವ ಅತಿ ಸರಳ ಸೂಚನೆಯಲ್ಲೇ ಕಂಪ್ಯೂಟರ್ ಎಡವಿತ್ತು. ಆ ಸೂಚನೆ ವಿಫಲವಾಗಲು ಸಾಧ್ಯವೇ ಇಲ್ಲ. ವಿಚಾರಿಸಿದಾಗ ತಿಳಿದದ್ದು, ಅಂಥ ಯಂತ್ರಗಳು ಓವರ್‌ಕ್ಲಾಕ್ ಆಗಿದ್ದವು. ಎಷ್ಟೋ ಮಾಲೀಕರಿಗೆ ಅದರ ಸುಳಿವೂ ಇರಲಿಲ್ಲ. ಅಂಗಡಿಯಲ್ಲೇ ಓವರ್‌ಕ್ಲಾಕ್ ಮಾಡಿ ಮಾರಿದ ಯಂತ್ರಗಳನ್ನು ಅವರು ಕೊಂಡಿದ್ದರು.

2011ರಲ್ಲಿ ಮೈಕ್ರೋಸಾಫ್ಟ್ ಸಂಶೋಧಕರು ಸುಮಾರು 10 ಲಕ್ಷ ಕಂಪ್ಯೂಟರ್‌ಗಳ ಕ್ರ್ಯಾಶ್ ಮಾಹಿತಿಯನ್ನು ಅಧ್ಯಯನ ಮಾಡಿದರು. ಓವರ್‌ಕ್ಲಾಕ್ ಆದ ಯಂತ್ರಗಳು ಗಣನೀಯವಾಗಿ ಹೆಚ್ಚು ಕ್ರ್ಯಾಶ್ ಆಗುತ್ತವೆ, ಅಲ್ಪಸ್ವಲ್ಪ ಏರಿಸಿದರೂ ನಂಬಿಕೆಗೆ ಪೆಟ್ಟು ಬೀಳುತ್ತದೆ ಎಂದು ಅವರು ಕಂಡರು. ಒಮ್ಮೆ ಹಾರ್ಡ್‌ವೇರ್ ಕಾರಣಕ್ಕೆ ಕ್ರ್ಯಾಶ್ ಆದ ಯಂತ್ರ ಮತ್ತೆ ಹಾಗಾಗುವ ಸಾಧ್ಯತೆ ಬಹಳ ಹೆಚ್ಚು ಎಂಬುದೂ ಅದೇ ಅಧ್ಯಯನದಲ್ಲಿ ತಿಳಿಯಿತು.

ಕ್ರ್ಯಾಶ್ ಆದರೆ ಗೊತ್ತಾದರೂ ಆಗುತ್ತದೆ. ಗೊತ್ತಾಗದ ತಪ್ಪಿಗೆ ಒಂದು ಉದಾಹರಣೆ ಇದೆ. 2021ರಲ್ಲಿ ಫೇಸ್‌ಬುಕ್ ಎಂಜಿನಿಯರ್‌ಗಳು ತಮ್ಮ ಡೇಟಾ ಸೆಂಟರ್‌ನ ಒಂದು ದೋಷಪೂರಿತ ಪ್ರೊಸೆಸರ್ ಬಗ್ಗೆ ವಿವರ ಪ್ರಕಟಿಸಿದರು. 1.1ರ 53ನೇ ಘಾತವನ್ನು ಪೂರ್ಣಾಂಕದಲ್ಲಿ ಕೇಳಿದರೆ 156 ಬರಬೇಕು. ಅದರ ಒಂದು ಕೋರ್ 0 ಎಂದು ಹೇಳುತ್ತಿತ್ತು. ಈ ಲೆಕ್ಕ ಬಳಕೆಯಾಗುತ್ತಿದ್ದದ್ದು ಫೈಲ್‌ಗಳ ಗಾತ್ರ ತಿಳಿಯಲು. ಗಾತ್ರ ಸೊನ್ನೆ ಎಂದು ಬಂದ ಫೈಲ್‌ಗಳು ಕಾಣೆಯಾಗುತ್ತಿದ್ದವು. ಯಂತ್ರ ಮಾತ್ರ ಆರಾಮವಾಗಿ ಓಡುತ್ತಿತ್ತು. ಅದು ಓವರ್‌ಕ್ಲಾಕ್ ಆದ ಯಂತ್ರವಲ್ಲ, ಚಿಪ್‌ನದೇ ದೋಷ. ಆದರೆ ಮಿತಿ ದಾಟಿದ ಚಿಪ್ ಮಾಡುವ ತಪ್ಪೂ ಇದೇ ಬಗೆಯದು.

ನಿಮ್ಮ ಮನೆಯ ಕಂಪ್ಯೂಟರ್‌ನಲ್ಲಿ ಇರುವುದು ಏನು? ಮಗುವಿನ ನಾಮಕರಣದ ಫೋಟೋಗಳು, ಅಂಗಡಿಯ ಟ್ಯಾಲಿ ಲೆಕ್ಕ, ಮೂರು ವರ್ಷ ಬರೆದ ಪ್ರಬಂಧ. ಒಂದು ಫೈಲ್ ನಕಲಾಗುವಾಗ ಒಂದು ಬಿಟ್ ತಪ್ಪಿದರೆ ಅಂದು ಯಾರಿಗೂ ಗೊತ್ತಾಗುವುದಿಲ್ಲ. ಎರಡು ವರ್ಷದ ನಂತರ ಫೋಟೋ ತೆರೆದಾಗ ಅರ್ಧ ಬೂದುಬಣ್ಣ ಕಾಣಿಸಿದರೆ ಅಂದಿನ ಓವರ್‌ಕ್ಲಾಕಿಂಗ್ ಯಾರಿಗೆ ನೆನಪಾಗುತ್ತದೆ?

ತಪ್ಪಿತಸ್ಥ ಒಬ್ಬ, ಹೆಸರು ಇನ್ನೊಬ್ಬನದು

ಅಸ್ಥಿರ ಪ್ರೊಸೆಸರ್ ತನ್ನ ತಪ್ಪನ್ನು ಬೇರೆ ಭಾಗದ ಮೇಲೆ ಹೊರಿಸುತ್ತದೆ. ಇಂಟೆಲ್‌ನ 13 ಮತ್ತು 14ನೇ ತಲೆಮಾರಿನ ಡೆಸ್ಕ್‌ಟಾಪ್ ಪ್ರೊಸೆಸರ್‌ಗಳ ಪ್ರಕರಣ ಇದಕ್ಕೆ ಒಳ್ಳೆಯ ಪಾಠ. ಅನ್‌ರಿಯಲ್ ಎಂಜಿನ್ ಆಧಾರಿತ ಆಟಗಳನ್ನು ತೆರೆದರೆ ಕೆಲವರಿಗೆ “ವಿಡಿಯೋ ಮೆಮೊರಿ ಸಾಲದು” ಎಂಬ ಸಂದೇಶ ಬರುತ್ತಿತ್ತು. ಅದನ್ನು ಓದಿದವರು ಸಹಜವಾಗಿ ಗ್ರಾಫಿಕ್ಸ್ ಕಾರ್ಡ್ ಮೇಲೆ ಅನುಮಾನ ಪಟ್ಟರು. ನಿಜವಾಗಿ ಎಡವುತ್ತಿದ್ದದ್ದು ಪ್ರೊಸೆಸರ್. ಆಟದ ಫೈಲ್‌ಗಳನ್ನು ಬಿಚ್ಚುವಾಗ ಅದು ತಪ್ಪು ಮಾಡುತ್ತಿತ್ತು.

ಆ ಚಿಪ್‌ಗಳು ಅಗತ್ಯಕ್ಕಿಂತ ಹೆಚ್ಚು ವೋಲ್ಟೇಜ್ ಕೇಳುತ್ತಿದ್ದವು, ಅದಕ್ಕೆ ಮೈಕ್ರೋಕೋಡ್‌ನ ದೋಷ ಕಾರಣ ಎಂದು 2024ರ ಜುಲೈನಲ್ಲಿ ಇಂಟೆಲ್ ಹೇಳಿತು. ಆಗಸ್ಟ್‌ನಲ್ಲಿ ತಿದ್ದುಪಡಿ ಬಂತು, ವಾರಂಟಿಯನ್ನು ಎರಡು ವರ್ಷ ವಿಸ್ತರಿಸಲಾಯಿತು. ಹೆಚ್ಚಿನ ವೋಲ್ಟೇಜ್ ಮತ್ತು ಬಿಸಿಯಿಂದ ಕೋರ್‌ನೊಳಗೆ ತಾಳ ಹಂಚುವ ಮಂಡಲವೇ ಸವೆಯುತ್ತಿತ್ತು. ಸವೆದ ಚಿಪ್ ಮೊದಲಿನ ವೇಗಕ್ಕೇ ಹೆಚ್ಚು ವೋಲ್ಟೇಜ್ ಬೇಡುತ್ತದೆ. ಈಗಾಗಲೇ ಹಾಳಾದ ಚಿಪ್ಪನ್ನು ಆ ತಿದ್ದುಪಡಿ ಸರಿಮಾಡುವುದಿಲ್ಲ, ಬದಲಿಸಬೇಕು. ಇವರಲ್ಲಿ ಅನೇಕರು ಓವರ್‌ಕ್ಲಾಕ್ ಮಾಡಿದವರೇ ಅಲ್ಲ. ಹೆಚ್ಚು ವೋಲ್ಟೇಜ್ ಕೊಟ್ಟರೆ ಚಿಪ್‌ಗೆ ಏನಾಗುತ್ತದೆ ಎಂಬುದು ಇಲ್ಲಿ ದೊಡ್ಡ ಪ್ರಮಾಣದಲ್ಲಿ ಕಾಣಿಸಿತು.

ಇದರಿಂದ ಮನೆಯಲ್ಲೇ ಮಾಡಬಹುದಾದ ಒಂದು ಪರೀಕ್ಷೆಯೂ ಸಿಗುತ್ತದೆ. ದೊಡ್ಡ ಜಿಪ್ ಫೈಲನ್ನು ನಾಲ್ಕೈದು ಸಲ ಬಿಚ್ಚಿ ನೋಡಿ. ಪ್ರತಿ ಸಲವೂ ಒಂದೇ ಜಾಗದಲ್ಲಿ ದೋಷ ಬಂದರೆ ಫೈಲ್ ಕೆಟ್ಟಿರಬಹುದು. ಒಮ್ಮೆ ಸರಿ, ಒಮ್ಮೆ ದೋಷ ಎಂದಾದರೆ ಫೈಲ್ ಅಲ್ಲ, ಯಂತ್ರದಲ್ಲೇ ಏನೋ ಸರಿಯಿಲ್ಲ. ಪ್ರೊಸೆಸರ್ ಮತ್ತು ರ‍್ಯಾಮ್ ಎರಡನ್ನೂ ಅನುಮಾನಿಸಿ.

ದೋಷ ಹುಡುಕುವ ಕ್ರಮ

1. ಮೊದಲು ಬ್ಯಾಕಪ್. ಮುಖ್ಯ ಫೈಲ್‌ಗಳನ್ನು ಹೊರಗಿನ ಡ್ರೈವ್‌ಗೆ ನಕಲಿಸಿ, ಡ್ರೈವನ್ನು ಕಳಚಿಡಿ. ಇದನ್ನು ಮಾಡಬೇಕಾದದ್ದು ಸೆಟ್ಟಿಂಗ್ ಮುಟ್ಟುವ ಮೊದಲು. ಅಸ್ಥಿರ ಯಂತ್ರದಲ್ಲಿ ಮಾಡಿದ ಬ್ಯಾಕಪ್ಪನ್ನೂ ನಂಬಲಾಗದು.

2. ಎಲ್ಲವನ್ನೂ ಮೂಲ ಸ್ಥಿತಿಗೆ ತನ್ನಿ. ಬಯೋಸ್‌ನಲ್ಲಿ ‘ಲೋಡ್ ಡಿಫಾಲ್ಟ್ಸ್’ ಆಯ್ಕೆ ಇರುತ್ತದೆ. ರ‍್ಯಾಮ್‌ನ ಎಕ್ಸ್‌ಎಂಪಿ ಅಥವಾ ಎಕ್ಸ್‌ಪೋ ಕೂಡ ಆಫ್ ಆಗಿದೆಯೇ ನೋಡಿ. ಪೆಟ್ಟಿಗೆಯ ಮೇಲೆ ಅಚ್ಚಾಗಿರುವ ವೇಗವಾದರೂ ಅದು ಓವರ್‌ಕ್ಲಾಕಿಂಗೇ. ಡಿಫಾಲ್ಟ್‌ನಲ್ಲೂ ತೊಂದರೆ ಮುಂದುವರಿದರೆ ಸದ್ಯದ ಸೆಟ್ಟಿಂಗ್ ಕಾರಣವಲ್ಲ. ಬಯೋಸ್ ಅಪ್‌ಡೇಟ್ ಮಾಡಿ, ಆಗಲೂ ಸರಿಹೋಗದಿದ್ದರೆ ವಾರಂಟಿ ಕೇಳಿ.

3. ರ‍್ಯಾಮ್ ಒಂದನ್ನೇ ಪರೀಕ್ಷಿಸಿ. ಮೆಮ್‌ಟೆಸ್ಟ್86 ತಂತ್ರಾಂಶವನ್ನು ಪೆನ್‌ಡ್ರೈವ್‌ಗೆ ಹಾಕಿ, ರಾತ್ರಿಯಿಡೀ ಓಡಿಸಿ. ಇಲ್ಲಿ ‘ಒಂದೇ ಒಂದು ದೋಷ ತಾನೇ’ ಎಂಬ ಮಾತಿಲ್ಲ. ಒಂದು ಬಂದರೂ ಫೇಲ್.

4. ನಂತರ ಪ್ರೊಸೆಸರ್. ರ‍್ಯಾಮನ್ನು ಡಿಫಾಲ್ಟ್‌ನಲ್ಲೇ ಬಿಟ್ಟು, ಪ್ರೊಸೆಸರ್ ವೇಗವನ್ನು 100 ಮೆಗಾಹರ್ಟ್ಸ್‌ನಂತೆ ಏರಿಸಿ ಪ್ರತಿ ಹಂತದಲ್ಲೂ ಪರೀಕ್ಷಿಸಿ. ಪ್ರೈಮ್95 ಇದಕ್ಕೆ ಹೆಸರುವಾಸಿ. ದೊಡ್ಡ ಅವಿಭಾಜ್ಯ ಸಂಖ್ಯೆಗಳನ್ನು ಹುಡುಕಲು ಬರೆದ ತಂತ್ರಾಂಶ ಇದು. ಉತ್ತರ ಮೊದಲೇ ಗೊತ್ತಿರುವ ಲೆಕ್ಕಗಳನ್ನು ಕೊಟ್ಟು ತಾಳೆ ನೋಡುತ್ತದೆ, ಹಾಗಾಗಿ ಕ್ರ್ಯಾಶ್ ಆಗದ ತಪ್ಪನ್ನೂ ಹಿಡಿಯುತ್ತದೆ. ಇದರ ‘ಸ್ಮಾಲ್’ ಪರೀಕ್ಷೆ ಮುಖ್ಯವಾಗಿ ಕೋರ್‌ಗಳನ್ನು, ‘ಬ್ಲೆಂಡ್’ ಪರೀಕ್ಷೆ ರ‍್ಯಾಮನ್ನೂ ಸೇರಿಸಿ ದಣಿಸುತ್ತದೆ. ಜೊತೆಗೆ ತಾಪಮಾನ ತೋರಿಸುವ ತಂತ್ರಾಂಶವೊಂದನ್ನು ತೆರೆದಿಟ್ಟುಕೊಳ್ಳಿ.

5. ಒಂದು ಸಲಕ್ಕೆ ಒಂದೇ ಬದಲಾವಣೆ. ಏನು ಬದಲಿಸಿದಿರಿ, ಏನಾಯಿತು ಎಂದು ಪುಸ್ತಕದಲ್ಲಿ ಬರೆದಿಡಿ. ವೇಗ, ವೋಲ್ಟೇಜ್, ರ‍್ಯಾಮ್ ಮೂರನ್ನೂ ಒಟ್ಟಿಗೆ ಬದಲಿಸಿದರೆ ಕಾರಣ ಯಾವುದೆಂದು ತಿಳಿಯುವುದೇ ಇಲ್ಲ.

6. ಸೋತ ಹಂತದಿಂದ ಒಂದೆರಡು ಹೆಜ್ಜೆ ಹಿಂದೆ ಬನ್ನಿ. ಸೋತ ಜಾಗದಲ್ಲೇ ವೋಲ್ಟೇಜ್ ತುಂಬಿಸುತ್ತ ಕೂರಬೇಡಿ.

ಲಕ್ಷಣ ನೋಡಿ ಕಾರಣ ಊಹಿಸುವುದು

ಆನ್ ಮಾಡಿದರೆ ಪರದೆ ಕಪ್ಪಾಗಿಯೇ ಇದೆ: ವೇಗ ಅಥವಾ ರ‍್ಯಾಮ್ ಸೆಟ್ಟಿಂಗ್ ಅತಿಯಾಗಿರಬಹುದು. ವಿದ್ಯುತ್ ತಂತಿ ಕಳಚಿ, ಮದರ್‌ಬೋರ್ಡ್ ಮೇಲಿನ ನಾಣ್ಯದಾಕಾರದ ಬ್ಯಾಟರಿಯನ್ನು ಕೆಲವು ನಿಮಿಷ ತೆಗೆದು ಮತ್ತೆ ಹಾಕಿದರೆ ಬಯೋಸ್ ಸಾಮಾನ್ಯವಾಗಿ ಮೂಲ ಸ್ಥಿತಿಗೆ ಮರಳುತ್ತದೆ.

ಕ್ರ್ಯಾಶ್ ಇಲ್ಲ, ಆದರೆ ಹತ್ತು ನಿಮಿಷದ ನಂತರ ನಿಧಾನ: ಇದು ಅಸ್ಥಿರತೆಯಲ್ಲ, ಬಿಸಿ. ಪ್ರೊಸೆಸರ್ ತನ್ನನ್ನು ಕಾಪಾಡಿಕೊಳ್ಳಲು ವೇಗ ಇಳಿಸುತ್ತಿದೆ. ಇಂಟೆಲ್‌ನ ಅನೇಕ ಚಿಪ್‌ಗಳಲ್ಲಿ ಆ ಗಡಿ 100 ಡಿಗ್ರಿ ಸೆಲ್ಸಿಯಸ್, ರೈಜೆನ್ 7000 ಸರಣಿಯ ಹೆಚ್ಚಿನವುಗಳಲ್ಲಿ 95. ಫ್ಯಾನ್‌ನ ಧೂಳು ತೆಗೆದು, ಒಣಗಿದ ಥರ್ಮಲ್ ಪೇಸ್ಟ್ ಬದಲಿಸಿದರೆ ಓವರ್‌ಕ್ಲಾಕಿಂಗ್ ಮಾಡದೆಯೇ ವೇಗ ಮರಳಬಹುದು.

ನೀಲಿ ಪರದೆಯೂ ಬರದೆ ದಿಢೀರ್ ಆಫ್: ಎಸ್‌ಎಂಪಿಎಸ್ ಮೇಲೆ ಅನುಮಾನ ಪಡಿ. ಕರೆಂಟ್ ಹೋದಾಗ ಮಾತ್ರ ಹೀಗಾದರೆ ಯುಪಿಎಸ್ ನೋಡಿ. ಮನೆಗಳಲ್ಲಿರುವ 600 ವಿಎ ಯುಪಿಎಸ್ ಸಾಮಾನ್ಯವಾಗಿ ಕೊಡಬಲ್ಲದ್ದು 360 ವಾಟ್ ಆಸುಪಾಸು. ಗ್ರಾಫಿಕ್ಸ್ ಕಾರ್ಡ್ ಇರುವ ಯಂತ್ರವನ್ನು ಓವರ್‌ಕ್ಲಾಕ್ ಮಾಡಿದರೆ ಅದು ಸಾಲದೆ ಹೋಗಬಹುದು.

ಭಾರೀ ಕೆಲಸ ಕೊಟ್ಟಾಗ ಮಾತ್ರ ನೀಲಿ ಪರದೆ: ತೋಟದ ಪಂಪ್‌ಸೆಟ್ ಆನ್ ಮಾಡಿದ ಕೂಡಲೇ ಮನೆಯ ಬಲ್ಬ್ ಮಂಕಾಗುವುದಿಲ್ಲವೇ? ಹಾಗೆಯೇ ಪ್ರೊಸೆಸರ್‌ಗೆ ದಿಢೀರನೆ ಹೊರೆ ಬಿದ್ದಾಗ ವೋಲ್ಟೇಜ್ ಕುಸಿಯುತ್ತದೆ. ಆ ಕ್ಷಣಕ್ಕೆ ನಿಮ್ಮ ಸೆಟ್ಟಿಂಗ್ ಸಾಲುತ್ತಿಲ್ಲ. ವೇಗ ಇಳಿಸುವುದೇ ಸುರಕ್ಷಿತ ದಾರಿ.

ಭಾರೀ ಪರೀಕ್ಷೆ ಪಾಸು, ಸುಮ್ಮನಿದ್ದಾಗ ಕ್ರ್ಯಾಶ್: ಬಿಸಿ ತಗ್ಗಿಸಲೆಂದು ವೋಲ್ಟೇಜ್ ಇಳಿಸಿದವರಲ್ಲಿ ಇದು ಹೆಚ್ಚು. ಹೊರೆ ಕಡಿಮೆಯಿದ್ದಾಗ ಒಂದೆರಡು ಕೋರ್‌ಗಳು ತಮ್ಮ ಗರಿಷ್ಠ ವೇಗಕ್ಕೆ ಹಾರುತ್ತವೆ. ಆಗ ಇಳಿಸಿದ ವೋಲ್ಟೇಜ್ ಸಾಲದು.

ಕ್ರ್ಯಾಶ್ ಇಲ್ಲ, ಆದರೂ ಅನುಮಾನ: ವಿಂಡೋಸ್‌ನ ಈವೆಂಟ್ ವ್ಯೂವರ್ ತೆರೆದು ‘ಡಬ್ಲ್ಯುಎಚ್‌ಇಎ ಲಾಗರ್’ ಹೆಸರಿನ ದಾಖಲೆಗಳಿವೆಯೇ ನೋಡಿ. ಹಾರ್ಡ್‌ವೇರ್ ತಪ್ಪು ಮಾಡಿ ತಾನೇ ತಿದ್ದಿಕೊಂಡದ್ದೂ ಅಲ್ಲಿ ದಾಖಲಾಗುತ್ತದೆ. ದೊಡ್ಡ ತಪ್ಪಿಗೆ ಮುಂಚಿನ ಎಚ್ಚರಿಕೆ ಅದು.

ಕೆಲವು ನಂಬಿಕೆಗಳು

“24 ಗಂಟೆ ಪರೀಕ್ಷೆ ಪಾಸಾದರೆ ನೂರಕ್ಕೆ ನೂರು ಸ್ಥಿರ.” ಇಲ್ಲ. ಆ ಕೋಣೆಯ ಆ ದಿನದ ತಾಪಮಾನದಲ್ಲಿ, ಆ ಬಗೆಯ ಲೆಕ್ಕದಲ್ಲಿ ತಪ್ಪು ಕಾಣಲಿಲ್ಲ ಎಂದಷ್ಟೇ ಅರ್ಥ. ಮಾಮೂಲಿ ಫ್ಯಾನ್ ಆಗಲಿ, ನೀರಿನ ಕೂಲರ್ ಆಗಲಿ ಚಿಪ್ಪನ್ನು ಕೋಣೆಯ ಗಾಳಿಗಿಂತ ತಣ್ಣಗೆ ಮಾಡಲಾರದು. ಜನವರಿಯ ಬೆಂಗಳೂರಿನಲ್ಲಿ 24 ಡಿಗ್ರಿಯ ಕೋಣೆಯಲ್ಲಿ ಪಾಸಾದ ಯಂತ್ರವನ್ನು ಮೇ ತಿಂಗಳ ಕಲಬುರಗಿಯಲ್ಲಿ 39 ಡಿಗ್ರಿಯ ಕೋಣೆಗೆ ಒಯ್ದರೆ ಚಿಪ್‌ನ ತಾಪಮಾನವೂ ಹೆಚ್ಚುಕಡಿಮೆ 15 ಡಿಗ್ರಿ ಏರುತ್ತದೆ. ಮಿತಿಯ ಅಂಚಿನಲ್ಲಿಟ್ಟ ಸೆಟ್ಟಿಂಗ್ ಅಲ್ಲಿ ಸೋಲಬಹುದು. ಚಳಿಗಾಲದಲ್ಲಿ ಪರೀಕ್ಷಿಸಿದವರು ಬೇಸಿಗೆಯಲ್ಲಿ ಮತ್ತೊಮ್ಮೆ ಪರೀಕ್ಷಿಸಬೇಕು.

“ತಣ್ಣಗಿದ್ದರೆ ಎಷ್ಟು ವೋಲ್ಟೇಜ್ ಕೊಟ್ಟರೂ ಅಪಾಯವಿಲ್ಲ.” ತಪ್ಪು. ಬಿಸಿ ಒಂದು ಶತ್ರು, ವೋಲ್ಟೇಜ್ ಇನ್ನೊಂದು. 2023ರಲ್ಲಿ ಕೆಲವು ರೈಜೆನ್ 7000 ಎಕ್ಸ್3ಡಿ ಪ್ರೊಸೆಸರ್‌ಗಳು ಸುಟ್ಟುಹೋದ ಮೇಲೆ, ಮದರ್‌ಬೋರ್ಡ್‌ಗಳು ಚಿಪ್‌ನ ಎಸ್‌ಒಸಿ ಭಾಗಕ್ಕೆ 1.3 ವೋಲ್ಟ್ ದಾಟಿ ಕೊಡದಂತೆ ಎಎಂಡಿ ಮಿತಿ ಹಾಕಬೇಕಾಯಿತು.

“ಈ ಆ್ಯಪ್ ಹಾಕಿದರೆ ಮೊಬೈಲ್ ಪ್ರೊಸೆಸರೂ ಓವರ್‌ಕ್ಲಾಕ್ ಆಗುತ್ತದೆ.” ರೂಟ್ ಮಾಡದ ಆಂಡ್ರಾಯ್ಡ್ ಫೋನಿನಲ್ಲಿ ಮಾಮೂಲಿ ಆ್ಯಪ್‌ಗೆ ಪ್ರೊಸೆಸರ್ ವೇಗ ಬದಲಿಸುವ ಅಧಿಕಾರವೇ ಇಲ್ಲ. ಅಂಥ ಆ್ಯಪ್‌ಗಳನ್ನು ಹಾಕಿಕೊಳ್ಳಬೇಡಿ.

ಹಾಗಾದರೆ ಮಾಡಲೇಬಾರದೇ?

ಆಸಕ್ತಿಯಿಂದ ಕಲಿಯಬೇಕೆನ್ನುವವರು, ಕಳೆದುಹೋದರೂ ಚಿಂತೆಯಿಲ್ಲ ಎನ್ನುವಂಥ ಯಂತ್ರದಲ್ಲಿ ಮೇಲಿನ ಕ್ರಮ ಅನುಸರಿಸಿ ಮಾಡಬಹುದು. ಕಂಪ್ಯೂಟರ್ ಒಳಗೆ ಏನು ನಡೆಯುತ್ತದೆ ಎಂದು ತಿಳಿಯಲು ಇದು ಒಳ್ಳೆಯ ದಾರಿ. ಆದರೆ ಓವರ್‌ಕ್ಲಾಕಿಂಗ್‌ನಿಂದ ಆದ ಹಾನಿಗೆ ಸಾಮಾನ್ಯವಾಗಿ ವಾರಂಟಿ ಸಿಗುವುದಿಲ್ಲ ಎಂಬುದು ತಿಳಿದಿರಲಿ. ಅಂಗಡಿಯ ಲೆಕ್ಕ, ಮದುವೆ ವಿಡಿಯೋ ಎಡಿಟಿಂಗ್, ಓದಿನ ಕೆಲಸಕ್ಕೆ ಇರುವ ಒಂದೇ ಕಂಪ್ಯೂಟರ್ ಆದರೆ ಬೇಡ ಎಂಬುದು ನಮ್ಮ ಸಲಹೆ. ಅಂಥ ಯಂತ್ರ ನಿಧಾನವಾಗಿದ್ದರೆ ಹಳೆಯ ಹಾರ್ಡ್‌ಡಿಸ್ಕ್ ಬದಲು ಎಸ್‌ಎಸ್‌ಡಿ ಹಾಕಿಸಿ, ರ‍್ಯಾಮ್ ಸಾಲದಿದ್ದರೆ ಹೆಚ್ಚಿಸಿ. ದಿನನಿತ್ಯದ ಬಳಕೆಯಲ್ಲಿ ಅದರ ವ್ಯತ್ಯಾಸ ಕಣ್ಣಿಗೆ ಕಾಣುತ್ತದೆ.

ಸೆಕೆಂಡ್ ಹ್ಯಾಂಡ್ ಕಂಪ್ಯೂಟರ್ ಕೊಳ್ಳುವವರು ಒಂದು ಕೆಲಸ ತಪ್ಪದೆ ಮಾಡಿ. ಹಣ ಕೊಡುವ ಮೊದಲು ಬಯೋಸ್ ತೆರೆಸಿ, ಡಿಫಾಲ್ಟ್‌ಗೆ ತಂದು, ಮೂಲ ವೇಗ ಎಷ್ಟೆಂದು ನೋಡಿ. ನಿಮಗೆ ಹೇಳಿದ ವೇಗ ಅದಕ್ಕಿಂತ ಹೆಚ್ಚಿದ್ದರೆ ಟರ್ಬೋ ವೇಗ ಹೇಳಿದರೋ, ಓವರ್‌ಕ್ಲಾಕ್ ಮಾಡಿದ್ದಾರೋ ಎಂದು ಕೇಳಿ. ಮಾಡೆಲ್ ಸಂಖ್ಯೆ ಬರೆದುಕೊಂಡು ಕಂಪನಿಯ ಜಾಲತಾಣದಲ್ಲಿ ಗರಿಷ್ಠ ವೇಗ ನೋಡಿದರೆ ಉತ್ತರ ತಾಳೆಯಾಗುತ್ತದೆ. “ಸಂಖ್ಯೆ ಬದಲಿಸಿ, ವೇಗ ಡಬಲ್” ಎಂಬ ಸಂದೇಶ ಮತ್ತೆ ನಿಮ್ಮ ಗುಂಪಿಗೆ ಬಂದರೆ, ಕಳುಹಿಸಿದವರನ್ನು ಒಂದೇ ಮಾತು ಕೇಳಿ: ಬ್ಯಾಕಪ್ ಇದೆಯೇ?